ಡಾಲರ್, ಸಣ್ಣ ಕೆ, ದೊಡ್ಡ ಕೆ

ನಮ್ಮ ಮನೆಗೆ ಬಂದದ್ದರಲ್ಲಿ ಬಂದ ಹಾಗೆಯೇ ಉಳಿದಿರುವುದು ನಾನೊಬ್ಬಳೇ. ಮಿಕ್ಕಿದ್ದನ್ನೆಲ್ಲ ನಮ್ಮವರು ಬಿಚ್ಚಿ ನೋಡಿದ್ದಾರೆ. ಗಡಿಯಾರ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಬಾಗಿಲ ಗಂಟೆ, ನನ್ನ ತಲೆಗೂದಲು ಒಣಗಿಸುವ ಯಂತ್ರ. ಬಿಚ್ಚಿದ್ದನ್ನು ಕೂಡಿಸಲೂ ಅವರಿಗೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಕೂಡಿಸಿದ ಮೇಲೆ ಒಂದೆರಡು ತಿರುಪು ಮಿಕ್ಕೇ ಮಿಗುತ್ತವೆ. ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಝಣಝಣ ಎನ್ನಿಸುತ್ತ ಓಡಾಡುವುದರಿಂದ ಬೀದಿಯವರು ಅವರಿಗಿಟ್ಟ ಹೆಸರೇ ತಿರುಪು. ‘ತಿರುಪು ಇದಾರಾ?’ ಎಂದು ಯಾರಾದರೂ ಬಾಗಿಲಿಗೆ ಬಂದರೆ ‘ಸಡಿಲಾಗಿರೋದು ಒಂದಿದೆ, ಕರೀತೀನಿ ಇರಿ’ ಎನ್ನುತ್ತೇನೆ.

ಅವರ ಕೆಲಸ ಮುದ್ರಣಾಲಯದಲ್ಲಿ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು. ಇವರದು ಅಕ್ಷರದ ಮನೆತನ. ನಮ್ಮ ಮಾವನವರು ಅದೇ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು. ಇವರ ಅಕ್ಕ ಅಲ್ಲೇ ಮೊದಲು ಸೀಸದ ಅಚ್ಚುಮೊಳೆ, ಆಮೇಲೆ ಕಂಪ್ಯೂಟರು ಎಂದು ಹದಿನೈದು ವರ್ಷ ದುಡಿದವರು. ತಮ್ಮನಿಗೆ ಕೆಲಸ ಕಲಿಸಿದವರೂ ಅವರೇ. ಕೀಲಿಮಣೆಯ ಮೇಲೆ ಟವೆಲು ಹೊದಿಸಿ ‘ಈಗ ಹೊಡಿ’ ಎನ್ನುತ್ತಿದ್ದರಂತೆ. ಬಗ್ಗಿ ನೋಡಿದರೆ ಅಡಿಕೋಲು ಬೆರಳಿನ ಮೇಲೆ ಬೀಳುತ್ತಿತ್ತು. ನಾನು ಔಷಧದ ಅಂಗಡಿಯಲ್ಲಿ ಚೀಟಿ ಓದಿ ಮಾತ್ರೆ ಕೊಡುವವಳು. ಡಾಕ್ಟರುಗಳ ಕೈಬರಹವನ್ನೇ ಓದಿ ಜೀರ್ಣಿಸಿಕೊಂಡಿದ್ದೇನೆ, ಆದರೂ ಈ ಮನೆಯವರ ಮುಂದೆ ನಾನು ಅನಕ್ಷರಸ್ಥೆ.

ಆ ಮುದ್ರಣಾಲಯದ ಅಕ್ಷರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿಯ ಫಾಂಟು ಬೇರೆಲ್ಲೂ ಇರಲಿಲ್ಲ. ಹಳೆಯ ಸೀಸದ ಮೊಳೆಗಳ ದುಂಡಗಿನ ಅಕ್ಷರವೇ ಕಂಪ್ಯೂಟರಿನಲ್ಲೂ ಬೇಕೆಂದು ಮಾಲೀಕರು ಪಟ್ಟು ಹಿಡಿದು ಮಾಡಿಸಿಕೊಂಡದ್ದು ಅದು. ಇಂಗ್ಲಿಷಿನ ಕೀಲಿಗಳ ಮೇಲೆ ನಮ್ಮ ಅಕ್ಷರಗಳನ್ನು ತಂದು ಕೂರಿಸಿದ್ದರು, ಅಷ್ಟೆ. ಫಾಂಟು ಇರುವ ಯಂತ್ರದಲ್ಲಿ ಚೆಂದದ ಅಕ್ಷರ ಕಾಣುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಬರಹ ಇಂಗ್ಲಿಷಿನ ಸಣ್ಣಕ್ಷರ, ದೊಡ್ಡಕ್ಷರ, ಆವರಣ ಚಿಹ್ನೆ, ಶೇಕಡಾ ಗುರುತುಗಳ ಕಲಸುಮೇಲೋಗರವಾಗಿಬಿಡುತ್ತದೆ. ಅ ಇದ್ದದ್ದು ಡಾಲರ್ ಗುರುತಿನ ಮೇಲೆ. ಕ ಇದ್ದದ್ದು ಸಣ್ಣ ಕೆ ಮೇಲೆ, ಅದರ ಒತ್ತು ದೊಡ್ಡ ಕೆ ಮೇಲೆ. ಹಾಗಾಗಿ ‘ಅಕ್ಕ’ ಎಂದು ಬರೆದರೆ ಬೇರೆಯವರಿಗೆ ಕಾಣುವುದು ಡಾಲರ್, ಸಣ್ಣ ಕೆ, ದೊಡ್ಡ ಕೆ.

ಅಕ್ಕ ಇವರೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ನನ್ನೊಡನೆಯೂ. ಕಾರಣ ಸಣ್ಣದಲ್ಲ.

ಮಾವನವರು ಕರಡನ್ನು ಗಟ್ಟಿಯಾಗಿ ಓದುತ್ತಿದ್ದರು, ವಿರಾಮಚಿಹ್ನೆಗಳ ಸಮೇತ. ‘ಅಲ್ಪವಿರಾಮ’, ‘ಪೂರ್ಣವಿರಾಮ’, ‘ಹೊಸ ಸಾಲು’ ಎಲ್ಲವನ್ನೂ ಬಾಯಲ್ಲಿ ಹೇಳಿಕೊಂಡೇ. ಅವರ ಕೊನೆಯ ವರ್ಷದಲ್ಲಿ ಅಕ್ಕ ಒಂದು ಮಧ್ಯಾಹ್ನ, ಅಂಗೈಯಗಲದ ಧ್ವನಿಮುದ್ರಣ ಯಂತ್ರವನ್ನು ಅವರೆದುರು ಹಿಡಿದು ಆ ಓದನ್ನು ಹಿಡಿದಿಟ್ಟಿದ್ದರು. ನೀರೆತ್ತುವ ಪಂಪಿನ ಕೈಪಿಡಿಯ ಕರಡು ಅದು. ಮಾವನವರು ತೀರಿಕೊಂಡ ಮೇಲೆ ಅವರದೆಂದು ಉಳಿದ ದನಿ ಆ ಪುಟ್ಟ ಕ್ಯಾಸೆಟ್ಟೊಂದೇ. ನಮ್ಮವರು ‘ಕಂಪ್ಯೂಟರಿಗೆ ಇಳಿಸಿಕೊಡ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ನಕಲು ಮಾಡಬಹುದು, ಯಾವತ್ತೂ ಹಾಳಾಗಲ್ಲ’ ಎಂದು ಅಕ್ಕನ ಜೀವ ತಿಂದು ಅದನ್ನು ಯಂತ್ರದ ಸಮೇತ ಈಸಿಕೊಂಡರು. ತಂದರು, ತಂತಿ ಸಿಕ್ಕಿಸಿದರು, ಗುಂಡಿ ಒತ್ತಿದರು. ಒತ್ತಿದ್ದು ಕೇಳಿಸುವ ಗುಂಡಿಯನ್ನಲ್ಲ, ಮುದ್ರಿಸುವ ಗುಂಡಿಯನ್ನು. ಗೊತ್ತಾಗುವಷ್ಟರಲ್ಲಿ ಕ್ಯಾಸೆಟ್ಟು ಬಹಳ ದೂರ ಓಡಿತ್ತು. ಹಿಂದಕ್ಕೆ ತಿರುಗಿಸಿ ಒಂದರ್ಧ ನಿಮಿಷ ಕೇಳಿದರು. ಬರೀ ಗೊರಗೊರ. ಮುಂದೆ ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಅಕ್ಕ ಬಂದಾಗ ಇವರು ನೆಲ ನೋಡುತ್ತ, ‘ಮೆಷಿನ್ ಹಳೇದಲ್ವಾ ಅಕ್ಕ, ಒಳಗಡೆ ಏನೋ ಕೆಟ್ಟಿತ್ತು, ಎಲ್ಲಾ ಅಳಿಸಿಹಾಕಿಬಿಡ್ತು’ ಎಂದರು. ಪಕ್ಕದಲ್ಲಿ ನಿಂತಿದ್ದ ನಾನು, ಗಂಡನ ಮುಖ ನೋಡಲಾರದೆ, ‘ಹೌದಕ್ಕ, ಮೆಷಿನ್ನೇ ಸರಿ ಇರಲಿಲ್ಲ’ ಎಂದು ತಾಳ ಹಾಕಿದೆ. ಅಕ್ಕ ಕ್ಯಾಸೆಟ್ಟನ್ನೂ ಯಂತ್ರವನ್ನೂ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಹೊರಟರು. ಅವತ್ತಿನಿಂದ ಫೋನು ಮಾಡಿದರೆ ಎತ್ತಲಿಲ್ಲ, ಕಾಗದ ಬರೆದರೆ ಉತ್ತರವಿಲ್ಲ. ಮುದ್ರಣಾಲಯದ ಕೆಲಸವನ್ನೂ ಬಿಟ್ಟು, ರೈಲಿನಲ್ಲಿ ಮೂರು ಗಂಟೆಯಾಗುವ ಇನ್ನೊಂದು ಊರಲ್ಲಿ ರಬ್ಬರ್ ಸ್ಟ್ಯಾಂಪಿನ ಅಂಗಡಿ ಹಾಕಿದರು.

ಇವರ ಕಾಲಿಗೆ ಚಕ್ರ ಬಂದದ್ದು ಆಮೇಲೆ. ಮೊದಲೇ ಒಂದೆಡೆ ಕೂರುವ ಜಾತಿಯಲ್ಲ; ಈಗ ಊಟದ ಮಧ್ಯೆ ಎದ್ದು ಹೋಗುವುದು, ಹಲ್ಲುಜ್ಜುತ್ತ ಮೂರು ಕೋಣೆ ಸುತ್ತುವುದು, ಹೇಳಿದ ಮಾತನ್ನೇ ಹೇಳುವುದು. ಅಕ್ಕ ಮಾತು ಬಿಟ್ಟ ನಾಲ್ಕು ವರ್ಷಕ್ಕೆ ಮನೆಗೆ ಇಂಟರ್‌ನೆಟ್ಟು ಬಂತು. ಫೋನಿನ ತಂತಿಯೊಳಗೆ ಯಾರೋ ಯಾರನ್ನೋ ಕತ್ತು ಹಿಸುಕುತ್ತಿರುವ ಹಾಗೆ ಕಿರುಚಿಕೊಂಡು ಅದು ಕೂಡಿಕೊಳ್ಳುತ್ತಿತ್ತಲ್ಲ, ಆ ಕಾಲ. ನನ್ನ ತವರಿನವರು ಫೋನು ಮಾಡಿದರೆ ಸಿಗುತ್ತಿರಲಿಲ್ಲ. ‘ನಿನ್ನ ಗಂಡ ಏನು ಮಂತ್ರಿನಾ, ಯಾವಾಗ ನೋಡಿದ್ರೂ ಲೈನ್ ಬ್ಯುಸಿ?’ ಎಂದು ನಮ್ಮಮ್ಮ ಕೇಳಿದಳು.

ಇವರು ಒಂದು ಪುಟ ಕಟ್ಟಿದರು. ಹೆಸರು ‘ಏನಿದು?’. ದಿನಕ್ಕೊಂದು ವಿಚಿತ್ರವನ್ನು ಹುಡುಕಿ ತಂದು, ಅದರ ಬಗ್ಗೆ ಮುದ್ರಣಾಲಯದ ಫಾಂಟಿನಲ್ಲಿ ನಾಲ್ಕು ಸಾಲು ಬರೆಯುವುದು. ಯಾವನೋ ಪುಣ್ಯಾತ್ಮ ಫ್ರಿಜ್ಜಿನ ಒಳಗೆ ಕ್ಯಾಮೆರಾ ಇಟ್ಟು, ಬಾಗಿಲು ಹಾಕಿದ ಮೇಲೆ ದೀಪ ನಿಜವಾಗಿ ಆರುತ್ತದೆಯೇ ಎಂದು ಜಗತ್ತಿಗೆಲ್ಲ ತೋರಿಸುತ್ತಿದ್ದ. ಇನ್ನೊಬ್ಬಳು ದಾರಿಯಲ್ಲಿ ಬಿದ್ದ ಒಂಟಿ ಕೈಗವುಸುಗಳ ಚಿತ್ರ ತೆಗೆದು, ಅದರ ಜೋಡಿ ಯಾರ ಬಳಿಯಾದರೂ ಇದೆಯೇ ಎಂದು ಕೇಳುತ್ತಿದ್ದಳು. ಒಂದು ಕಡೆ ಗುಂಡಿ ಒತ್ತಿದರೆ ಎಲ್ಲೋ ಒಬ್ಬ ಅಪರಿಚಿತನ ಮೇಜಿನ ಮೇಲೆ ಗಂಟೆ ಬಾರಿಸುತ್ತಿತ್ತು. ಆ ಅಪರಿಚಿತ ಬೇಜಾರು ಮಾಡಿಕೊಂಡು ಪುಟ ಮುಚ್ಚುವ ತನಕ ಇವರು ದಿನಾ ಒತ್ತಿದರು.

ನೋಡಿದ್ದೆಲ್ಲ ಮನೆಯಲ್ಲೂ ಆಗಬೇಕು. ಕೈಗಡಿಯಾರದ ಮುಳ್ಳು ಕಿತ್ತು ಕೆಂಪು ದೀಪಗಳನ್ನು ಹಾಕಿದರು. ಗಂಟೆಯೆಷ್ಟು ಎಂದು ತಿಳಿಯಲು ಉರಿಯುವ ದೀಪಗಳನ್ನು ಕೂಡಬೇಕು, ಕೂಡುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಕಾಫಿ ಬಟ್ಟಲನ್ನು ಬಿಸಿಯಾಗಿಡಲು ಕಂಪ್ಯೂಟರಿನ ಹಿಂಬದಿಯಿಂದ ತಂತಿ ಎಳೆದು ಒಂದು ತಟ್ಟೆ ಮಾಡಿದರು. ಕಾಫಿ ಬಿಸಿಯಾಗಲಿಲ್ಲ, ಕಂಪ್ಯೂಟರು ಆಯಿತು. ಊಟದ ಮೇಜಿನ ಮೇಲೆ ಒಂದು ಹಸಿರು ದೀಪ ನೇತುಹಾಕಿದರು. ಅವರ ಪುಟಕ್ಕೆ ಯಾರಾದರೂ ಬಂದರೆ ಅದು ಮಿನುಗಬೇಕು. ದಿನಕ್ಕೆ ಎರಡು ಸಲವೋ ಮೂರು ಸಲವೋ ಮಿನುಗಿದರೆ ಹೆಚ್ಚು. ಓದಲು ಬರದ ಪುಟಕ್ಕೆ ಬರುವವರಾದರೂ ಯಾರು? ‘ಯಾರಿಗೋಸ್ಕರ ಬರೀತೀರಿ ಇದನ್ನ?’ ಎಂದು ಕೇಳಿದರೆ ‘ಸುಮ್ನೆ’ ಎನ್ನುತ್ತಿದ್ದರು.

ಸುಮ್ಮನೆ ಅಲ್ಲವೆಂದು ನನಗೆ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ. ಇವರು ಕ್ಷೌರಕ್ಕೆ ಹೋಗಿದ್ದರು. ಕಂಪ್ಯೂಟರಿನ ಮೇಜು ಒರೆಸುವಾಗ ಪರದೆ ಎಚ್ಚರಗೊಂಡಿತು. ‘ಏನಿದು?’ ಪುಟದ ಒಂದು ಮೂಲೆಯಲ್ಲಿ ನಾನು ಎಂದೂ ನೋಡದ ಒಂದು ಬರಹ. ವಿಚಿತ್ರವೂ ಇಲ್ಲ, ಚಿತ್ರವೂ ಇಲ್ಲ. ‘ಅಕ್ಕ, ಮೆಷಿನ್ ಕೆಟ್ಟಿರಲಿಲ್ಲ’ ಎಂದು ಶುರುವಾಗಿತ್ತು. ಗುಂಡಿ ಒತ್ತಿದ್ದು ತಾನು, ಸುಳ್ಳು ಹೇಳಿದ್ದು ತಾನು, ಕೈ ಒತ್ತಿದ್ದಕ್ಕಿಂತ ಬಾಯಿ ಹೇಳಿದ್ದೇ ಈಗ ನಿದ್ದೆ ಕೆಡಿಸುತ್ತಿದೆ, ಅಕ್ಕ ಮಾತಾಡದೆ ಇದ್ದರೆ ತನಗೆ ತಲೆ ನಿಲ್ಲುವುದಿಲ್ಲ ಎಂದು ಎರಡು ಪುಟದಷ್ಟು. ಪ್ರತಿ ಎರಡು ಸಾಲಿಗೆ ಒಮ್ಮೆ ಅಕ್ಕ, ಅಕ್ಕ.

ಓದಿ ನನಗೆ ಅಳು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಅವರು ಬಂದ ತಕ್ಷಣ ಕೇಳಿದೆ.

‘ಇಡೀ ಜಗತ್ತಿಗೆ ಹೇಳಿದೀರಿ, ಹೇಳಬೇಕಾದವರೊಬ್ಬರಿಗೆ ಹೇಳಿಲ್ವಲ್ಲ!’

‘ಜಗತ್ತಿಗೆಲ್ಲಿ ಹೇಳಿದೆ? ಫಾಂಟು ಇರೋದು ಪ್ರೆಸ್ಸಲ್ಲಿ ಮತ್ತೆ ಇಲ್ಲಿ. ಯಾರಿಗೂ ಓದಕ್ಕೆ ಬರಲ್ಲ.’

‘ಓದಕ್ಕೆ ಬರಲ್ಲ ಅಂತಾನೇ ಅಲ್ಲಿ ಬರೆದಿರೋದು ನೀವು.’

ಅವರು ಜೇಬಿನ ತಿರುಪುಗಳನ್ನು ಮೇಜಿನ ಮೇಲೆ ಸುರಿದು, ದೊಡ್ಡವು ಒಂದು ಕಡೆ ಸಣ್ಣವು ಒಂದು ಕಡೆ ಬೇರೆ ಮಾಡುತ್ತ ಕೂತರು.

ಇದಾದ ಎರಡು ತಿಂಗಳಿಗೆ, ಒಂದು ಮಂಗಳವಾರದ ಮಧ್ಯಾಹ್ನದ ಊಟದ ಹೊತ್ತಿಗೆ ಹಸಿರು ದೀಪಕ್ಕೆ ಹುಚ್ಚು ಹಿಡಿಯಿತು. ಮಿನುಗಿತು, ಮಿನುಗಿತು, ನಿಲ್ಲಲೇ ಇಲ್ಲ. ತಂತಿ ಸುಟ್ಟಿತೆಂದು ನಾನಂದುಕೊಂಡೆ. ಇವರು ಓಡಿಹೋಗಿ ನೋಡಿದರು. ಬೇರೊಂದು ದೇಶದಲ್ಲಿ, ಇವರ ಹಾಗೆಯೇ ವಿಚಿತ್ರಗಳನ್ನು ಪಟ್ಟಿ ಮಾಡುವ ಒಂದು ಭಾರಿ ಪುಟ, ಸಾವಿರಾರು ಜನ ದಿನಾ ನೋಡುವಂಥದ್ದು, ಇವರ ಪುಟವನ್ನು ಅವತ್ತಿನ ವಿಚಿತ್ರವೆಂದು ಹಾಕಿತ್ತು. ಅದರಲ್ಲೂ ಅಕ್ಕನಿಗೆ ಬರೆದ ಆ ಬರಹವನ್ನೇ. ‘ಚಿತ್ರವಿಲ್ಲ, ಕೊಂಡಿಯಿಲ್ಲ, ವಿವರಣೆಯಿಲ್ಲ. ಇದು ಯಾವ ಗುಪ್ತಲಿಪಿ? ಬಿಡಿಸಬಲ್ಲಿರಾ?’ ಎಂದು ಕೆಳಗೆ ಒಂದು ಸವಾಲು.

ವಿಚಿತ್ರಗಳನ್ನು ಹುಡುಕುತ್ತ ಹೋದವರು ತಾವೇ ಒಂದು ವಿಚಿತ್ರವಾಗಿ ಸಿಕ್ಕಿಬಿದ್ದಿದ್ದರು. ನಾನು ಮೊದಲು ನಕ್ಕೆ, ಸುಳ್ಳು ಹೇಳುವುದಿಲ್ಲ. ಅವರ ಪುಟದಲ್ಲಿ ಬಂದವರು ಸಹಿ ಹಾಕಿ ಹೋಗಲು ಒಂದು ಅತಿಥಿ ಪುಸ್ತಕವಿತ್ತು. ಎರಡು ವರ್ಷದಲ್ಲಿ ಅದರಲ್ಲಿದ್ದದ್ದು ಏಳು ಸಹಿ, ಅದರಲ್ಲಿ ನಾಲ್ಕು ಇವರದೇ. ಈಗ ಗಂಟೆಗೆ ನೂರು. ಚದುರಂಗದ ನಡೆಗಳು ಎಂದ ಒಬ್ಬ. ಪಾರಿವಾಳ ಸಾಕುವವರ ಸಂಕೇತ ಎಂದ ಇನ್ನೊಬ್ಬ. ಡಾಲರ್, ಸಣ್ಣ ಕೆ, ದೊಡ್ಡ ಕೆ ನಲವತ್ತಮೂರು ಸಲ ಬಂದಿದೆ, ಖಂಡಿತ ಇದು ಯಾವುದೋ ದೇವರ ಹೆಸರು ಎಂದು ಒಬ್ಬ ನಿವೃತ್ತ ಮೇಷ್ಟರು ವಾದಿಸಿದರು. ಒಬ್ಬಾಕೆ ಇದು ಹೆಣಿಗೆಯ ಮಾದರಿ ಎಂದು ತೀರ್ಮಾನಿಸಿ, ಇಂಗ್ಲಿಷಿನ ಹೆಣಿಗೆ ಪುಸ್ತಕಗಳಲ್ಲಿರುವ ಹಾಗೆ ಕೆ ಅಂದರೆ ನೇರ ಹೆಣಿಗೆ, ಪಿ ಅಂದರೆ ತಿರುವು ಹೆಣಿಗೆ ಎಂದಿಟ್ಟುಕೊಂಡು, ನಿಜವಾಗಿಯೂ ಕೂತು ಹೆಣೆದು, ಆ ಕಂಬಳಿ ಪಟ್ಟಿಯ ಚಿತ್ರ ಕಳಿಸಿದಳು. ನನ್ನ ಗಂಡನ ತಪ್ಪೊಪ್ಪಿಗೆ ಬೂದು ಉಣ್ಣೆಯಲ್ಲಿ, ಒಂದು ಕಡೆ ಸೊಟ್ಟಗೆ.

‘ಬೆಚ್ಚಗಿರಬೇಕು,’ ಎಂದೆ.

ಅವರು ನಗಲಿಲ್ಲ. ಉಗುರು ಕಚ್ಚುತ್ತಿದ್ದರು. ಮೂರು ದಿನ ಮುದ್ರಣಾಲಯದಲ್ಲಿ ಕೂತರೂ ಇದೇ ಚಿಂತೆ. ಯಾರದೋ ವಿಸಿಟಿಂಗ್ ಕಾರ್ಡಿನಲ್ಲಿ ದಂತವೈದ್ಯ ಎನ್ನುವುದನ್ನು ದಂಡವೈದ್ಯ ಎಂದು ಜೋಡಿಸಿ ಬೈಸಿಕೊಂಡು ಬಂದರು. ‘ಅಳಿಸಿಬಿಡಿ ಮತ್ತೆ’ ಎಂದರೆ, ‘ಎಲ್ಲರೂ ನಕಲು ಮಾಡ್ಕೊಂಡಿದಾರೆ, ಈಗ ಅಳಿಸಿ ಏನುಪಯೋಗ’ ಎಂದರು. ನಿಜ ಹೇಳಬೇಕೆಂದರೆ ಅಳಿಸಲು ಅವರಿಗೆ ಮನಸ್ಸೂ ಇರಲಿಲ್ಲ. ಒಮ್ಮೆ ಅಳಿಸಿದವರಲ್ಲವೇ.

ಶುಕ್ರವಾರ ಬೆಳಿಗ್ಗೆ ಅತಿಥಿ ಪುಸ್ತಕದಲ್ಲಿ ಹೊಸದೊಂದು ಸಾಲು. ಅದನ್ನು ಇವರು ನನಗೆ ಓದಿ ಹೇಳಿದರು. ಇದು ಗುಪ್ತಲಿಪಿಯಲ್ಲ, ಯಾವುದೋ ಭಾಷೆಯನ್ನು ಇಂಗ್ಲಿಷ್ ಕೀಲಿಗಳ ಮೇಲೆ ಕೂರಿಸಿದ ಫಾಂಟು. ಯಾವ ಭಾಷೆಯೆಂದೂ ಊಹೆಯಿದೆ, ಆ ಭಾಷೆ ಬಲ್ಲ ಗೆಳೆಯನಿಗೆ ಕಳಿಸಿದ್ದೇನೆ, ಸೋಮವಾರದೊಳಗೆ ಇಡೀ ಬರಹವನ್ನು ಬಿಡಿಸಿ ಎಲ್ಲರಿಗೂ ತಿಳಿಯುವಂತೆ ಹಾಕುತ್ತೇವೆ, ಎಂದು ಒಬ್ಬ ಬರೆದಿದ್ದ.

‘ಸೋಮವಾರ,’ ಎಂದರು ಇವರು. ಎದ್ದರು, ಕೂತರು, ಮತ್ತೆ ಎದ್ದರು. ‘ಅಕ್ಕನಿಗೆ ಊರವರೆಲ್ಲ ಹೇಳಿದ ಮೇಲೆ ಗೊತ್ತಾದ್ರೆ ನಾನು ಸತ್ತ ಹಾಗೆ ಕಣೇ.’

‘ಇವತ್ತು ಶುಕ್ರವಾರ,’ ಎಂದೆ. ‘ಹತ್ತೂವರೆಗೆ ರೈಲಿದೆ. ನಾನೂ ಬರ್ತೀನಿ. ಸುಳ್ಳಿಗೆ ತಾಳ ಹಾಕಿದವಳು ನಾನು.’

ಮೂರು ಗಂಟೆಯ ದಾರಿಯಲ್ಲಿ ಅವರು ಎದುರಿನ ಸೀಟಿನ ಕೆಳಗಿನ ತಿರುಪನ್ನು ಉಗುರಿನಲ್ಲೇ ಅರ್ಧ ಬಿಚ್ಚಿದರು. ಕೂತಿದ್ದ ಹೆಂಗಸು ಜಾಗ ಬದಲಾಯಿಸಿದಳು.

ಅಕ್ಕನ ಅಂಗಡಿ ಎರಡು ಕಟ್ಟಡಗಳ ನಡುವಿನ ಉದ್ದನೆಯ ಸಂದು. ಒಂದು ಮೇಜು, ಕುತ್ತಿಗೆ ಬಗ್ಗಿಸಿದ ದೀಪ, ದಪ್ಪ ಮಸೂರ, ಸುಟ್ಟ ರಬ್ಬರಿನ ವಾಸನೆ. ಗೋಡೆಯ ತುಂಬ ಸ್ಟ್ಯಾಂಪಿನ ಮಾದರಿಗಳು, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು ಅಕ್ಷರದಲ್ಲಿ. ಅಕ್ಕ ಬಗ್ಗಿ ಒಂದು ರಬ್ಬರಿನ ಅಂಚು ಕತ್ತರಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನಮ್ಮನ್ನು ನೋಡಿದರು, ಮತ್ತೆ ಬಗ್ಗಿ ಅಂಚನ್ನು ಪೂರ್ತಿ ಕತ್ತರಿಸಿ ಮುಗಿಸಿದರು. ಆಮೇಲೆ ನನಗೆ ಮಾತ್ರ, ‘ಕೂತ್ಕೋ’ ಎಂದರು. ಸ್ಟೂಲು ಇದ್ದದ್ದೂ ಒಂದೇ.

ಇವರು ನಿಂತೇ ಶುರು ಮಾಡಿದರು. ‘ಅಕ್ಕ, ಇಂಟರ್‌ನೆಟ್ಟಲ್ಲಿ ನನ್ನದೊಂದು ಪುಟ ಇದೆ. ಅದರಲ್ಲಿ...’

‘ಗೊತ್ತು. ವಿಳಾಸ ಪ್ರೆಸ್ಸಿನವರು ಕೊಟ್ಟಿದ್ರು. ಪಕ್ಕದ ಅಂಗಡಿಲಿ ಕಂಪ್ಯೂಟರ್ ಇದೆ. ಎರಡು ವರ್ಷದಿಂದ ಓದ್ತಾ ಇದೀನಿ. ಫ್ರಿಜ್ಜಿಂದು ಚೆನ್ನಾಗಿತ್ತು.’

‘ಫಾಂಟು?’

‘ಯಾವ ಕೀಲಿ ಮೇಲೆ ಯಾವ ಅಕ್ಷರ ಅಂತ ಆರು ತಿಂಗಳು ಕೂತು ಗೊತ್ತು ಮಾಡಿದವಳು ಯಾರೋ? ನಿಂಗೆ ಬೇಕು ಫಾಂಟು. ನಂಗ್ಯಾಕೆ?’

ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಇಷ್ಟು ವರ್ಷ ಲೆಕ್ಕ ಹಾಕಿದವರು, ಅಕ್ಕನ ಬೆರಳುಗಳನ್ನು ಮರೆತೇಬಿಟ್ಟಿದ್ದರು.

‘ಹಾಗಾದ್ರೆ ಅದನ್ನೂ ಓದಿದೀಯಾ?’

‘ಹಾಕಿದ ದಿನವೇ. ನಾಲ್ಕು ಕಡೆ ಕಾಗುಣಿತ ತಪ್ಪು.’

‘ಮತ್ತೆ ಯಾಕಕ್ಕ ಒಂದು ಮಾತೂ ಆಡಲಿಲ್ಲ?’

‘ನಂಗೆ ಹೇಳಿದ್ದಲ್ವಲ್ಲ ಅದು,’ ಎಂದರು ಅಕ್ಕ. ‘ನಂಗೆ ಓದಕ್ಕೆ ಬರಲ್ಲ ಅಂದ್ಕೊಂಡು ಬರೆದಿದ್ದು. ಬಾಯಿಬಿಟ್ಟು ಹೇಳು ಈಗ.’

ಇವರು ಗೋಡೆ ನೋಡಿದರು, ದೀಪ ನೋಡಿದರು, ಬಾಗಿಲು ನೋಡಿದರು. ಓಡಿಹೋಗುತ್ತಾರೆಂದೇ ನಾನು ತಿಳಿದೆ. ಆಮೇಲೆ, ‘ನಾನೇ ಒತ್ತಿದ್ದು ಅಕ್ಕ. ಮೆಷಿನ್ ಸರಿಯಾಗೇ ಇತ್ತು’ ಎಂದರು. ನಾನೂ ಎದ್ದು ನಿಂತು, ‘ನಂಗೂ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ’ ಎಂದೆ. ಹೇಳಿದ ಮೇಲೆ ಹಗುರಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ.

ಅಕ್ಕ ಡ್ರಾಯರ್ ಎಳೆದು ಆ ಅಂಗೈಯಗಲದ ಯಂತ್ರವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಗೊರಗೊರ. ಕುರ್ಚಿ ಕಿರುಗುಟ್ಟಿತು. ಗಂಡಸೊಬ್ಬ ಗುನುಗುತ್ತಿದ್ದ, ನೆಲಕ್ಕೆ ಏನೋ ಬಿದ್ದು ಉರುಳಿತು. ಇವರ ಗುನುಗು. ನಮ್ಮ ಕೋಣೆ. ಸ್ವಲ್ಪ ಹೊತ್ತಾದ ಮೇಲೆ ದೂರದಿಂದ ಹೆಂಗಸಿನ ದನಿ: ‘ಎಷ್ಟು ಸಲ ಕರೀಬೇಕ್ರೀ ಊಟಕ್ಕೆ? ಅದೇನು ಹಾಳು ಮಾಡ್ತಾ ಕೂತಿದೀರಿ ಅಲ್ಲಿ?’ ‘ಏನೂ ಹಾಳಾಗಿಲ್ಲ, ಬಂದೆ ಬಂದೆ!’ ಮಾವನವರ ದನಿ ಇದ್ದ ಜಾಗದಲ್ಲಿ ನಾನು ಊಟಕ್ಕೆ ಕರೆಯುತ್ತಿದ್ದೆ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

‘ಅವತ್ತು ಮನೆಗೆ ಹೋದ ಕೂಡ್ಲೇ ಕೇಳಿದೆ,’ ಎಂದರು ಅಕ್ಕ. ‘ಮೆಷಿನ್ ಕೆಟ್ಟು ಅಳಿಸಿದ್ರೆ ಇದೆಲ್ಲಿಂದ ಬಂತು? ಅಪ್ಪನ ದನಿ ಹೋಯ್ತು ಅಂತ ಒಂದು ವಾರ ಅತ್ತೆ. ಆಮೇಲಿನ ಆರು ವರ್ಷ ಅದಕ್ಕಲ್ಲ. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ್ರಲ್ಲ, ಅದಕ್ಕೆ.’

ಕ್ಯಾಸೆಟ್ಟು ಇನ್ನೂ ತಿರುಗುತ್ತಿತ್ತು. ಅಕ್ಕ ಅದನ್ನು ಆರಿಸಲು ಕೈ ಚಾಚಿ, ಯಾಕೋ ಹಾಗೇ ಹಿಂದೆ ತೆಗೆದರು. ಟಕ್ ಎಂದು ಒಂದು ಸದ್ದಾಯಿತು. ಕೋಣೆಯ ಗೊರಗೊರ ಕಡಿದುಹೋಗಿ ಬೇರೆ ಮೌನ ಶುರುವಾಯಿತು. ಅದರೊಳಗಿಂದ ಒಬ್ಬ ಮುದುಕ, ಗಂಟಲು ಸರಿಮಾಡಿಕೊಂಡು, ‘ತದನಂತರ ಕವಾಟವನ್ನು ಮೆಲ್ಲಗೆ ತೆರೆಯತಕ್ಕದ್ದು, ಪೂರ್ಣವಿರಾಮ’ ಎಂದ. ಕಾಗದ ಮಗುಚಿದ ಸದ್ದು. ‘ಇನ್ನೂ ತಿರುಗ್ತಾ ಇದೆಯೇನೇ ಅದು? ಸಾಕು, ಆರಿಸು.’

ಅಷ್ಟೇ. ಆಮೇಲೆ ಏನೂ ಇರಲಿಲ್ಲ.

ಇವರು ಮೇಜಿನ ಅಂಚು ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತರು. ‘ಇದಿತ್ತಾ? ಆರು ವರ್ಷದಿಂದ ಇದು ಇತ್ತಾ?’

ಅಕ್ಕ ಮೊದಲ ಸಲ ಕಣ್ಣು ತಗ್ಗಿಸಿದರು. ‘ಇತ್ತು.’

‘ನೀನು ಹೇಳಲಿಲ್ಲ.’

‘ಹೇಳಲಿಲ್ಲ. ನಿಂಗೆ ಸಿಗಬಾರದು ಅಂತಾನೇ ಹೇಳಲಿಲ್ಲ.’

ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಹೊರಗೆ ಗಿರಾಕಿಯೊಬ್ಬ ಬಂದು ಒಳಗೆ ಇಣುಕಿ, ಮೂವರ ಮುಖ ನೋಡಿ ಬಂದ ದಾರಿಗೆ ಸುಂಕವಿಲ್ಲವೆನ್ನುವಂತೆ ಹಿಂದೆ ಹೋದ. ಇವರು ಕಣ್ಣೊರೆಸಿಕೊಂಡು, ‘ಇನ್ನೊಂದ್ಸಲ ಹಾಕಕ್ಕ’ ಎಂದರು. ಅಕ್ಕ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿದರು. ತಿರುಗಿಸಿ, ಯಂತ್ರವನ್ನು ಮೇಜಿನಿಂದ ತೆಗೆದು ತಮ್ಮನ ಮಡಿಲಿಗಿಟ್ಟು, ‘ನೀನೇ ಒತ್ತು’ ಎಂದರು.

ಇವರು ಯಂತ್ರವನ್ನು ಬೆಳಕಿಗೆ ಹಿಡಿದರು. ಒಂದೊಂದು ಗುಂಡಿಯ ಮೇಲೂ ಬೆರಳಿಟ್ಟು, ಅದರ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದರು. ಓದಿ ನಮ್ಮ ಮುಖ ನೋಡಿದರು. ಮತ್ತೆ ಮೊದಲಿನಿಂದ ಓದಿದರು. ಹಾಗೆ ಮೂರು ಸಲ ಓದಿದರು, ಮೂರು ಸಲವೂ ನಾನು ಮತ್ತು ಅಕ್ಕ ಹೌದು ಎಂದೆವು. ಆಮೇಲೆ ಒತ್ತಿದರು.